ಎಡಗಡೆಯಿಂದ ಬರುವವನು

ನಾಗಮಣಿಗೆ ಅಮೆರಿಕನ್ ಫುಟ್‌ಬಾಲನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಮಗಳು ಶ್ರಾವಣಿ ಡಾಲಸ್ ಹತ್ತಿರದ ಫ್ರಿಸ್ಕೋದ ಹೈಸ್ಕೂಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದಳು. ಆಟ ಇದ್ದಲ್ಲೆಲ್ಲ ಬ್ಯಾಂಡು, ಬ್ಯಾಂಡು ಇದ್ದಲ್ಲೆಲ್ಲ ತಾಯಿ. ಮಗಳ ಹತ್ತು ನಿಮಿಷದ ವಾದನವನ್ನು ವಿಡಿಯೊ ಮಾಡಲು ಹೋದವಳು, ಉಳಿದ ಎರಡೂವರೆ ಗಂಟೆ ಕ್ಯಾಮೆರಾ ಯಾಕೆ ಸುಮ್ಮನಿರಬೇಕೆಂದು ಆಟವನ್ನೂ ಹಿಡಿಯತೊಡಗಿದಳು. ಮದುವೆಗೆ ಮುಂಚೆ ಮೈಸೂರಿನ ಸರಸ್ವತಿಪುರಂನ ಸ್ಟುಡಿಯೋ ಒಂದರಲ್ಲಿ ಆರು ವರ್ಷ ಮದುವೆ ವಿಡಿಯೊಗಳನ್ನು ಎಡಿಟ್ ಮಾಡಿದ ಕೈ ಅದು. ಎಲ್ಲರೂ ತಾಳಿಯನ್ನು ನೋಡುತ್ತಿರುವಾಗ ಹುಡುಗಿಯ ಅಪ್ಪನ ಮುಖವನ್ನು ಹಿಡಿಯಬೇಕು ಎಂಬುದು ಅಲ್ಲಿ ಕಲಿತ ಪಾಠ. ಇಲ್ಲೂ ಅಷ್ಟೆ. ಎಲ್ಲರ ಕಣ್ಣೂ ಚೆಂಡಿನ ಹಿಂದೆ ಓಡುವಾಗ ಅವಳು ಆಟಗಾರರ ತಲೆ ಯಾವ ಕಡೆ ತಿರುಗುತ್ತದೆಂದು ನೋಡುತ್ತಿದ್ದಳು.

ಶಾಲೆಯ ಕೋಚ್‌ಗೆ ಆ ವಿಡಿಯೊಗಳು ಹಿಡಿಸಿದವು. ಕೆಲಸ ಮಾಡುವ ಪರವಾನಗಿಯಿಲ್ಲದ ನಾಲ್ಕು ವರ್ಷ ಪುಕ್ಕಟೆಯಾಗಿ ಮಾಡಿಕೊಟ್ಟಳು. ಶ್ರಾವಣಿ ಕಾಲೇಜಿಗೆಂದು ಆಸ್ಟಿನ್‌ಗೆ ಹೋದ ವರ್ಷವೇ ಗ್ರೀನ್ ಕಾರ್ಡ್ ಬಂತು. ಅದರ ಬೆನ್ನಿಗೇ ಡಾಲಸ್ ಡ್ರೋವರ್ಸ್ ತಂಡದ ವಿಡಿಯೊ ವಿಭಾಗದಲ್ಲಿ ಕೆಲಸವೂ ಸಿಕ್ಕಿತು.

ಡ್ರೋವರ್ಸ್ ದೊಡ್ಡ ಲೀಗಿನ ತಂಡವಲ್ಲ. ವಸಂತದಲ್ಲಿ ಹತ್ತು ವಾರ ಮಾತ್ರ ನಡೆಯುವ ಸಣ್ಣ ಲೀಗು ಅದು. ದೊಡ್ಡ ತಂಡಗಳು ಕೈಬಿಟ್ಟವರು ಮತ್ತು ಇನ್ನೂ ಕೈಹಿಡಿಯದವರು ಅಲ್ಲಿ ಒಟ್ಟಿಗೆ ಆಡುತ್ತಿದ್ದರು. ರಾಯ್ಸ್ ಡೆಲೇನಿ ಮೊದಲ ಜಾತಿಯವನು. ವಯಸ್ಸು ಮೂವತ್ತೇಳು, ಹದಿನಾಲ್ಕು ವರ್ಷದಿಂದ ಕ್ವಾರ್ಟರ್‌ಬ್ಯಾಕ್. ಎಂದರೆ, ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಎದುರು ತಂಡದ ದಢೂತಿ ಆಟಗಾರರು ತನ್ನ ಮೇಲೆ ಬಂದು ಬೀಳುವ ಮೂರು ಸೆಕೆಂಡಿನೊಳಗೆ ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನು. ಪ್ರತಿದಿನ ಬೆಳಿಗ್ಗೆ ಆರೂವರೆಗೆ ನಾಗಮಣಿಯ ವಿಡಿಯೊ ಕೋಣೆಗೆ ಬಂದು, ಅವಳ ಫ್ಲಾಸ್ಕಿನ ಫಿಲ್ಟರ್ ಕಾಫಿ ಕುಡಿಯುತ್ತ ಹಿಂದಿನ ದಿನದ ಆಟ ನೋಡುತ್ತಿದ್ದ. ಅವಳು ಕಣ್ಣಿನಲ್ಲಿ ಕಂಡುಕೊಂಡದ್ದಕ್ಕೆಲ್ಲ ಆಟದ ಭಾಷೆಯಲ್ಲಿ ಹೆಸರು ಕೊಟ್ಟವನು ಅವನೇ. ಮೂರು ವರ್ಷದಲ್ಲಿ ಇಬ್ಬರಿಗೂ ಒಳ್ಳೆಯ ಸ್ನೇಹವಾಗಿತ್ತು.

ಆ ವರ್ಷ ಜೋಯೆಲ್ ಟ್ರೆವಿನೋ ಎಂಬ ಹೊಸ ಹುಡುಗ ಬಂದ. ಮೆಕ್ಸಿಕೋ ಗಡಿಯ ಹತ್ತಿರದ ಊರಿನವನು, ಇಪ್ಪತ್ತೆರಡು ವರ್ಷ. ಅವನ ಕೈಯಿಂದ ಹೊರಟ ಚೆಂಡು ಸಿಳ್ಳೆ ಹಾಕುತ್ತ ಹೋಗುತ್ತಿತ್ತು. ಆದರೆ ಲೀಗಿಗೆ ಮುಂಚಿನ ಅಭ್ಯಾಸದ ಕ್ಯಾಂಪಿನ ಎರಡನೇ ವಾರ ತಂಡಕ್ಕೆ ಬೇರೆಯೇ ಕೇಡು ಬಂತು. ಕ್ವಾರ್ಟರ್‌ಬ್ಯಾಕ್‌ನ ಎಡಭಾಗವನ್ನು ಕಾಯುವ ಆಟಗಾರ ಮಂಡಿಗೆ ಪೆಟ್ಟು ಮಾಡಿಕೊಂಡು ಬಿದ್ದ. ಬಲಗೈಯಿಂದ ಎಸೆಯುವವನಿಗೆ ಎಡಬದಿಯೇ ಬೆನ್ನು. ಅದನ್ನು ಕಾಯಲು ತಂದ ಬದಲಿ ಆಳು ಅಗುಳಿ ಕಿತ್ತುಹೋದ ಬಾಗಿಲಿನ ಹಾಗಿದ್ದ. ದೂಡಿದರೆ ತೆರೆದುಕೊಳ್ಳುತ್ತಿದ್ದ.

ಮಾರ್ಚ್ ಮೂವತ್ತೊಂದು, ಮಂಗಳವಾರ ಕೋಚ್ ಮ್ಯಾಬ್ರಿ ಅವಳ ಬಾಗಿಲಲ್ಲಿ ನಿಂತು, "ಮಣಿ, ಕ್ಯಾಂಪಿನಲ್ಲಿ ಇಬ್ಬರೂ ಎಸೆದದ್ದನ್ನ ಒಟ್ಟು ಮಾಡಿ ಕೊಡಿ. ತಲಾ ನಲವತ್ತು ಸಾಕು. ಶನಿವಾರ ಹ್ಯೂಸ್ಟನ್‌ನಲ್ಲಿ ಯಾರನ್ನ ಇಳಿಸೋದು ಅಂತ ಗುರುವಾರ ಹೇಳ್ಬೇಕು ನಾನು" ಅಂದ.

ಆ ಮಧ್ಯಾಹ್ನ ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟುಕೊಂಡು ಅವಳು ರಾಯ್ಸ್‌ನ ಇನ್ನೂರು ಎಸೆತಗಳನ್ನು ನೋಡತೊಡಗಿದಳು. ಎಪ್ಪತ್ತು ದಾಟುವಷ್ಟರಲ್ಲಿ ತಿನ್ನುವುದು ನಿಂತಿತು. ಎಡಗಡೆಯಿಂದ ಯಾರಾದರೂ ನುಗ್ಗಿದಾಗಲೆಲ್ಲ ರಾಯ್ಸ್ ತಡವಾಗಿ ತಿರುಗುತ್ತಿದ್ದ. ತಿರುಗುವುದೂ ಕಣ್ಣನ್ನಲ್ಲ, ಇಡೀ ಮುಖವನ್ನು. ಹಿಂದಿನ ವರ್ಷದ ವಿಡಿಯೊ ತೆಗೆದು ಪಕ್ಕದಲ್ಲಿಟ್ಟಳು. ಆಗ ಅವನು ಕಣ್ಣಂಚಿನಲ್ಲೇ ಕಂಡು ಜಾರಿಕೊಳ್ಳುತ್ತಿದ್ದ. ಈಗ, ಪ್ರಾಕ್ಟೀಸ್ ಆದ್ದರಿಂದ ಎದುರಿನವರು ಹೊಡೆಯದೆ ಹಿಂದೆ ನಿಂತು ಬೆನ್ನು ತಟ್ಟುತ್ತಿದ್ದರು. ಅವನು ಬೆಚ್ಚಿಬೀಳುತ್ತಿದ್ದ. ಹನ್ನೊಂದು ಸಲ ಹಾಗಾಗಿತ್ತು. ನಾಗಮಣಿ ಆ ಹನ್ನೊಂದನ್ನೂ ಮತ್ತೆ ನೋಡಿದಳು.

ಮರುದಿನ ಬೆಳಿಗ್ಗೆ ರಾಯ್ಸ್ ಎಂದಿನಂತೆ ಬಂದು ಪರದೆಯ ಮುಂದೆ ಕೂತ. ಅವಳು ಕಾಫಿ ಬಗ್ಗಿಸಿ, ಬೇಕೆಂದೇ ಎಡಗಡೆಯಿಂದ ಲೋಟ ಚಾಚಿದಳು. ಆಡುವವನ ಕೈ ಅದು, ಮೊಳದಷ್ಟು ದೂರದಲ್ಲಿತ್ತು. ಅದು ಏಳಲಿಲ್ಲ. ಲೋಟದಿಂದ ಹಬೆ ಏಳುತ್ತಿತ್ತು, ಅವನು ಪರದೆ ನೋಡುತ್ತಲೇ ಇದ್ದ.

"ರಾಯ್ಸ್," ಅಂದಳು.

ಅವನು ಮುಖವನ್ನು ಪೂರ್ತಿ ತಿರುಗಿಸಿದ. ಲೋಟ ನೋಡಿದ, ಅವಳನ್ನು ನೋಡಿದ. ಅರ್ಥವಾಯಿತು.

"ಫೆಬ್ರವರಿಯಿಂದ," ಅಂದ ಮೆಲ್ಲಗೆ. "ಕಿಟಕಿಗೆ ಪರದೆ ಎಳೆದ ಹಾಗೆ. ಮೂಲೆಯಿಂದ ಶುರುವಾಯ್ತು. ವಾರ ವಾರಕ್ಕೂ ಒಂದಿಷ್ಟು ಒಳಗೆ ಬರ್ತಿದೆ."

"ಡಾಕ್ಟರಿಗೆ ತೋರಿಸಿದ್ರಾ?"

"ಕನ್ನಡಕದ ಅಂಗಡೀಲಿ ತೋರಿಸಿದೆ. ಆಕೆ ನೋಡಿ, ಇವತ್ತೇ ಆಸ್ಪತ್ರೆಗೆ ಹೋಗಿ ಅಂದ್ಲು. ನಾನು ಪ್ರಾಕ್ಟೀಸಿಗೆ ಬಂದೆ." ಅವನು ನಕ್ಕ. "ಇಲ್ಲಿನ ಪರೀಕ್ಷೇಲಿ ಗೋಡೆ ಮೇಲಿನ ಅಕ್ಷರ ಓದಿಸ್ತಾರೆ. ನೇರ ನೋಡೋಕೆ ಏನೂ ತೊಂದರೆ ಇಲ್ಲ. ಎಲ್ಲಾ ಸಾಲೂ ಓದಿದೆ."

ನಾಗಮಣಿ ಲೋಟವನ್ನು ಅವನ ಬಲಗಡೆಗೆ ತಂದಿಟ್ಟಳು. ಅವನೇ ಮುಂದುವರಿದ.

"ಹತ್ತು ವಾರ ಅಷ್ಟೆ, ಮಣಿ. ಆಮೇಲೆ ನಾನೇ ಬಿಡ್ತೀನಿ. ಯಾವುದನ್ನೂ ಅಳಿಸಿ ಅನ್ನಲ್ಲ. ಇನ್ನೂರರಲ್ಲಿ ನಲವತ್ತು ಆರಿಸ್ಬೇಕಲ್ವಾ? ಎಡಗಡೆಯಿಂದ ಯಾರೂ ಬರದಿರೋ ನಲವತ್ತು ಆರಿಸಿ. ಅದೇನು ಸುಳ್ಳಲ್ಲವಲ್ಲ."

"ಏಟು ಬಿದ್ರೆ?"

"ಬೀಳೋದು ನಂಗೆ ಗೊತ್ತಿದೆ. ಆ ಹುಡುಗನ್ನ ಈಗ ಇಳಿಸಿದ್ರೆ, ಎಡಗಡೆ ಕಾವಲಿಲ್ಲದೆ, ಮುರಿದು ಹಾಕ್ತಾರೆ ಅವನನ್ನ. ಅದನ್ನೂ ಯೋಚ್ನೆ ಮಾಡಿ."

ಅವನು ಹೊರಟುಹೋದ. ಮಧ್ಯಾಹ್ನ ಹನ್ನೆರಡಕ್ಕೆ ಊರಿನ ಸುಂಟರಗಾಳಿ ಸೈರನ್ ಕೂಗಿತು. ತಿಂಗಳ ಮೊದಲ ಬುಧವಾರ ಬರೀ ಪರೀಕ್ಷೆಗಾಗಿ ಕೂಗಿಸುವ ಸೈರನ್ ಎಂದು ಗೊತ್ತಿದ್ದರೂ ಅವಳು ಎದ್ದು ಬಾಗಿಲಿಗೆ ಹೋಗಿ ಆಕಾಶ ನೋಡಿದಳು. ಒಂದು ಮೋಡವೂ ಇರಲಿಲ್ಲ.

ಸಂಜೆ ಗಂಡ ಅನಿರುದ್ಧ್ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಎಲ್ಲವನ್ನೂ ಹೇಳಿದಳು.

"ನೀನು ಕ್ಯಾಮೆರಾ ಹಿಡಿಯೋಳು ನಾಗು, ಜಡ್ಜ್ ಅಲ್ಲ," ಅಂದ ಅವನು. "ಅವನ ಕಣ್ಣು, ಅವನ ಜೀವ. ಮಧ್ಯೆ ನೀನ್ಯಾಕೆ ಕೈ ಹಾಕ್ತೀಯ?"

"ನೋಡಿರೋದು ನಾನೊಬ್ಬಳೇ ಕಣ್ರೀ."

"ನೋಡಿಲ್ಲ ಅಂದ್ಕೋ."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಹದಿನೆಂಟು ವರ್ಷ ಬೇರೆಯವರ ದೇಶದಲ್ಲಿ ತಲೆ ತಗ್ಗಿಸಿ ಬಾಳಿದವನ ಬುದ್ಧಿವಾದ. ನಾಗಮಣಿ ರಾಯ್ಸ್ ಕೇಳಿದಂಥ ನಲವತ್ತನ್ನೇ ಆರಿಸಿದಳು. ಗುರುವಾರ ಕೋಚ್ ಹೆಸರು ಹೇಳಿದ. ರಾಯ್ಸ್ ಡೆಲೇನಿ. ಆಟಗಾರರು ಮೇಜು ಗುದ್ದಿ ಕೂಗಿದರು. ಟ್ರೆವಿನೋ ಮಾತ್ರ ಸುಮ್ಮನೆ ಶೂ ಲೇಸು ಬಿಗಿದುಕೊಂಡ.

ಹ್ಯೂಸ್ಟನ್‌ನಲ್ಲಿ ಡ್ರೋವರ್ಸ್ ಗೆದ್ದಿತು. ಗೆಲುವು ಅವಳಿಗೆ ಸಮಾಧಾನ ತರಲಿಲ್ಲ. ಸ್ಟೇಡಿಯಂನ ತುದಿಯಲ್ಲಿ, ಕ್ಯಾಮೆರಾದ ಹಿಂದೆ ನಿಂತು ನೋಡಿದರೆ ಎಲ್ಲವೂ ಹಾಳೆಯ ಮೇಲೆ ಬರೆದ ಹಾಗೆ ಕಾಣುತ್ತಿತ್ತು. ರಾಯ್ಸ್ ಚೆಂಡು ಹಿಡಿದ ಕೂಡಲೇ ಬಲಕ್ಕೆ ಓಡುತ್ತಿದ್ದ. ಪ್ರತಿ ಸಲವೂ ಬಲಕ್ಕೇ. ಎಡಗಡೆಯವರು ತನ್ನನ್ನು ಮುಟ್ಟುವುದಕ್ಕೆ ಮುಂಚೆಯೇ ಅಲ್ಲಿಂದ ಪಾರಾಗುತ್ತಿದ್ದ. ಹ್ಯೂಸ್ಟನ್‌ನವರಿಗೆ ಆಟ ಮುಗಿಯುವವರೆಗೂ ಅದು ಹೊಳೆಯಲಿಲ್ಲ. ಆದರೆ ಕೂತು ನಿಧಾನವಾಗಿ ನೋಡಿದವರಿಗೆ?

ಕೂತು ನಿಧಾನವಾಗಿ ನೋಡುವವರಿಗೆ ಅದನ್ನು ತಲುಪಿಸಬೇಕಾದವಳೂ ಅವಳೇ. ಲೀಗಿನ ನಿಯಮವೇ ಹಾಗೆ. ಶನಿವಾರದ ಆಟದ ವಿಡಿಯೊವನ್ನು ಎರಡೂ ಕೋನಗಳಿಂದ ಭಾನುವಾರ ಮಧ್ಯಾಹ್ನದೊಳಗೆ ಮುಂದಿನ ಎದುರಾಳಿಗೆ ಕಳಿಸಬೇಕು, ಅವರದ್ದೂ ಇವರಿಗೆ ಬರುತ್ತದೆ. ಮುಂದಿನ ಶನಿವಾರ ಆಟ ಆಸ್ಟಿನ್ ಮೇಲೆ. ಹನ್ನೊಂದೂವರೆಯವರೆಗೂ ಅವಳು ಪರದೆಯನ್ನು ನೋಡುತ್ತ ಕೂತಿದ್ದಳು. ಆಮೇಲೆ ಗುಂಡಿ ಒತ್ತಿದಳು. ನೀಲಿ ಗೆರೆ ನಿಧಾನವಾಗಿ ತುಂಬಿಕೊಂಡು, ತಲುಪಿತು ಎಂದಿತು.

ಆ ವಾರ ಅವಳಿಗೆ ಅನ್ನ ರುಚಿಸಲಿಲ್ಲ. ಮಂಗಳವಾರ ಶ್ರಾವಣಿ ಫೋನ್ ಮಾಡಿದಾಗ ತಡೆಯಲಾಗದೆ ಹೇಳಿಬಿಟ್ಟಳು. ಮಗಳು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಅಮ್ಮಾ, ಜಸ್ಟ್ ಟೆಲ್ ಸಮ್‌ಬಡಿ. ವಾಟ್ ಆರ್ ಯು ವೇಟಿಂಗ್ ಫಾರ್?"

ಗುರುವಾರ ಹನ್ನೊಂದು ತುಣುಕುಗಳನ್ನೂ ಟ್ಯಾಬ್ಲೆಟ್‌ಗೆ ಹಾಕಿಕೊಂಡು ಅವಳು ಮ್ಯಾಬ್ರಿಯ ಕೋಣೆಗೆ ಹೋದಳು. ಅವನು ಕುರ್ಚಿ ಎಳೆದು ಕೊಟ್ಟ. ಮೊದಲ ತುಣುಕು ಅರ್ಧ ಓಡಿರಬೇಕು, ಕೈ ಚಾಚಿ ತಾನೇ ನಿಲ್ಲಿಸಿದ.

"ಗೊತ್ತು," ಅಂದ.

"ಏನು ಗೊತ್ತು, ಕೋಚ್?"

"ಎಡಗಣ್ಣು. ಕ್ಯಾಂಪಿನ ಮೊದಲ ವಾರದಿಂದ್ಲೇ ಗೊತ್ತು. ಮೂವತ್ತು ವರ್ಷದಿಂದ ಕ್ವಾರ್ಟರ್‌ಬ್ಯಾಕ್‌ಗಳ ತಲೆ ನೋಡ್ಕೊಂಡೇ ಬದುಕಿದೀನಿ ಮಣಿ. ನೀವು ಕೊಟ್ಟ ನಲವತ್ತರಲ್ಲಿ ಎಡಗಡೆಯಿಂದ ಒಬ್ಬನೂ ಬರಲಿಲ್ಲ. ಅದನ್ನ ನೋಡಿ ನಿಮಗೂ ಗೊತ್ತಾಗಿದೆ ಅಂದ್ಕೊಂಡೆ."

ಅವಳ ಮುಖ ಬಿಸಿಯಾಯಿತು. ಆದರೂ ಕೇಳಿದಳು. "ಗೊತ್ತಿದ್ದೂ ಅವರನ್ನೇ ಇಳಿಸಿದ್ರಾ?"

ಮ್ಯಾಬ್ರಿ ಸಿಟ್ಟಾಗಲಿಲ್ಲ. ಮನೆಯ ವಿಚಾರ ಹೇಳುವಷ್ಟು ಸಾವಧಾನವಾಗಿ ಹೇಳಿದ. "ಎಡಗಡೆ ಕಾಯೋನು ವಾಪಸ್ ಬರೋಕೆ ಇನ್ನೂ ನಾಲ್ಕು ವಾರ. ಆ ನಾಲ್ಕು ವಾರ ಅಲ್ಲಿ ನಿಂತೋನಿಗೆ ಏಟು ತಪ್ಪಿದ್ದಲ್ಲ. ಆ ಏಟು ಜೋಯೆಲ್‌ಗೆ ಬಿದ್ರೆ ಹದಿನೈದು ವರ್ಷದ ಆಟ ಹೋಗುತ್ತೆ. ರಾಯ್ಸ್‌ಗೆ ಉಳಿದಿರೋದೇ ಒಂದು. ಇಬ್ಬರಲ್ಲಿ ಒಬ್ಬರನ್ನ ಕೊಡ್ಲೇಬೇಕು. ನೀವಾಗಿದ್ರೆ ಯಾರನ್ನ ಕೊಡ್ತಿದ್ರಿ?"

ಆರಿಸುವುದು ಎನ್ನಲಿಲ್ಲ, ಕೊಡುವುದು ಎಂದ. ಆ ಮಾತು ಅವಳ ಕಿವಿಯಲ್ಲೇ ಕೂತಿತು. ಅವನು ಟ್ಯಾಬ್ಲೆಟ್ ಹಿಂದಕ್ಕೆ ಕೊಟ್ಟು, "ಮಗಳು ಆಸ್ಟಿನ್‌ನಲ್ಲೇ ಅಲ್ವಾ ಓದೋದು? ಶನಿವಾರ ಬರಲಿ, ಟಿಕೆಟ್ ಕೊಡಿಸ್ತೀನಿ" ಅಂದ.

ಶನಿವಾರ ಆಸ್ಟಿನ್‌ನಲ್ಲಿ ಏಪ್ರಿಲ್‌ಗೆ ಮೀರಿದ ಸೆಕೆ. ಪಶ್ಚಿಮದ ಬೆಟ್ಟಗಳ ಮೇಲೆ ಹಸಿರು ಬೆರೆತ ಕಪ್ಪು ಮೋಡ ಕೂತಿತ್ತು. ಅಲ್ಲಿಂದ ಕದಲುತ್ತಿರಲಿಲ್ಲ. ಶ್ರಾವಣಿ ಕೆಳಗಿನ ಸಾಲಿನಿಂದ ಕೈಬೀಸಿದಳು. ನಾಗಮಣಿ ಕೈಬೀಸಿ, ಕ್ಯಾಮೆರಾ ಸರಿಮಾಡಿಕೊಂಡು, ಆಟಕ್ಕೆ ಮುಂಚಿನ ಕಸರತ್ತನ್ನು ನೋಡತೊಡಗಿದಳು.

ಆಸ್ಟಿನ್ ತಂಡದಲ್ಲಿ ತೊಂಬತ್ತನಾಲ್ಕನೇ ನಂಬರಿನವನೊಬ್ಬನಿದ್ದ. ನೂರಿಪ್ಪತ್ತು ಕಿಲೋ ತೂಕ, ಓಟದಲ್ಲಿ ಜಿಂಕೆ. ಅವರ ವಿಡಿಯೊಗಳನ್ನೆಲ್ಲ ಕತ್ತರಿಸಿ ಜೋಡಿಸಿದ್ದವಳಿಗೆ ಅವನ ಜಾಗ ಬಾಯಿಪಾಠವಾಗಿತ್ತು. ಯಾವಾಗಲೂ ಕ್ವಾರ್ಟರ್‌ಬ್ಯಾಕ್‌ನ ಬಲಗಡೆಯಿಂದಲೇ ಬರುತ್ತಿದ್ದ. ಇವತ್ತು ಅವನು ಎಡಗಡೆಯಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದ. ಬಾಗುವುದು, ಚಿಮ್ಮುವುದು, ಮತ್ತೆ ಹಿಂದೆ ಬಂದು ಬಾಗುವುದು.

ನಾಗಮಣಿ ಪಕ್ಕಕ್ಕೆ ತಿರುಗಿದಳು. ಕ್ಯಾಮೆರಾದವರ ಕೋಣೆಗಳ ಸಾಲಿನಲ್ಲಿ ನಾಲ್ಕು ಕಿಟಕಿ ಆಚೆ ಆಸ್ಟಿನ್ ತಂಡದ ವಿಡಿಯೊದವನು ಕೂತಿದ್ದ. ಮೂರು ವರ್ಷದಿಂದ ಮುಖಪರಿಚಯ, ಸಿಕ್ಕಾಗಲೆಲ್ಲ ನಗುವವನು. ಇವಳ ಕಣ್ಣು ಸಂಧಿಸಿದ ಕೂಡಲೇ ಅವನು ತನ್ನ ಲೆನ್ಸನ್ನು ಒರೆಸಲು ಬಗ್ಗಿದ.

ಅವಳು ಕ್ಯಾಮೆರಾ ಬಿಟ್ಟು ಕೆಳಗೆ ಓಡಿದಳು. ಲಿಫ್ಟಿಗೆ ಕಾಯಲಿಲ್ಲ, ಮೆಟ್ಟಿಲಲ್ಲೇ ಇಳಿದಳು. ಮೈದಾನದ ಅಂಚಿನಲ್ಲಿ ಲೀಗು ನೇಮಿಸಿದ ಡಾಕ್ಟರ್ ಒಬ್ಬರು ಇರುತ್ತಾರೆ. ಎರಡು ತಂಡಕ್ಕೂ ಸೇರದವರು. ಅವರು ಬೇಡ ಎಂದರೆ ಯಾವ ಕೋಚ್ ಕೂಡ ಆ ಆಟಗಾರನನ್ನು ಇಳಿಸುವಂತಿಲ್ಲ. ನರೆಗೂದಲಿನ ಆ ಹೆಂಗಸಿನ ಮುಂದೆ ನಿಂತಾಗ ನಾಗಮಣಿಗೆ ಉಸಿರು ಸಿಕ್ಕುತ್ತಿರಲಿಲ್ಲ.

"ನಮ್ಮ ಏಳನೇ ನಂಬರಿನವರ ಎಡಗಣ್ಣು ಪರೀಕ್ಷೆ ಮಾಡಿ. ಅಕ್ಷರ ಓದಿಸ್ಬೇಡಿ. ಪಕ್ಕದಿಂದ ಬೆರಳು ತೋರಿಸಿ."

"ನೀವು ಯಾರು?"

"ವಿಡಿಯೊದವಳು."

ಡಾಕ್ಟರ್ ಮರುಮಾತಾಡದೆ ನಡೆದರು. ರಾಯ್ಸ್ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ. ಅವರು ಅವನ ಗಲ್ಲ ಹಿಡಿದು ಮುಖ ನೇರ ಮಾಡಿ, ಎಡಕಿವಿಯ ಹತ್ತಿರ ಎರಡು ಬೆರಳೆತ್ತಿದರು. ಎಷ್ಟು ಎಂದು ಕೇಳಿರಬೇಕು. ಅವನ ತುಟಿ ಅಲುಗಿತು. ಬೆರಳನ್ನು ಇನ್ನಷ್ಟು ಮುಂದೆ ತಂದರು, ಮತ್ತೆ ಕೇಳಿದರು. ಈ ಸಲ ತುಟಿ ಅಲುಗಲಿಲ್ಲ. ಹೆಲ್ಮೆಟ್ಟನ್ನು ಅವನ ಕೈಯಿಂದ ಮೆತ್ತಗೆ ತೆಗೆದುಕೊಂಡರು. ಆಗ ರಾಯ್ಸ್ ನಾಗಮಣಿಯನ್ನು ಹುಡುಕಿದ. ಅವಳು ನಿಂತದ್ದು ಅವನ ಎಡಕ್ಕೆ. ಮುಖವನ್ನು ಪೂರ್ತಿ ತಿರುಗಿಸಿ, ಕಂಡುಹಿಡಿದು, ಒಂದು ಗಳಿಗೆ ನೋಡಿ, ಒಳಗೆ ಹೊರಟುಹೋದ.

ಮ್ಯಾಬ್ರಿ ಅವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಟ್ರೆವಿನೋನ ಭುಜದ ಮೇಲೆ ಕೈಯಿಟ್ಟು ಕಿವಿಯಲ್ಲಿ ಏನೋ ಹೇಳಿದ. ಆಟ ಶುರುವಾಗಲು ಇಪ್ಪತ್ತು ನಿಮಿಷವಿತ್ತು.

ಅವಳು ಮೇಲೆ ಹತ್ತಿ ಮತ್ತೆ ಕ್ಯಾಮೆರಾದ ಹಿಂದೆ ನಿಂತಳು. ಹುಡುಗ ಚೆನ್ನಾಗಿಯೇ ಆಡಿದ. ನಾಲ್ಕು ಭಾಗಗಳ ಆಟದ ಮೊದಲ ಭಾಗದಲ್ಲೇ ತೊಂಬತ್ತನಾಲ್ಕು ಅವನನ್ನು ನಾಲ್ಕು ಸಲ ಕೆಡವಿದ, ನಾಲ್ಕು ಸಲವೂ ಹುಡುಗ ಎದ್ದ. ಪ್ರತಿ ಸಲ ಏಳುವುದು ಸ್ವಲ್ಪ ತಡವಾಗುತ್ತಿತ್ತು. ಮೋಡ ಈಗ ಸ್ಟೇಡಿಯಂನ ಮೇಲೇ ಬಂದಿತ್ತು. ಹಗಲಲ್ಲೇ ದೀಪ ಹಾಕಿದರು. ಮೂರನೇ ಭಾಗದಲ್ಲಿ, ಎಡಗಡೆಯ ಬದಲಿ ಆಳು ಕಾಲು ಜಾರಿ ಕುಸಿದದ್ದನ್ನು ಅವಳು ಲೆನ್ಸಿನಲ್ಲಿ ಕಂಡಳು. ತೊಂಬತ್ತನಾಲ್ಕು ಅವನನ್ನು ದಾಟಿದ್ದನ್ನೂ ಕಂಡಳು. ಬಾಯಿಂದ ತಾನಾಗಿ "ಅಯ್ಯೋ, ನೋಡೋ" ಎಂದು ಕನ್ನಡ ಹೊರಟಿತು. ಟ್ರೆವಿನೋ ತಲೆ ತಿರುಗಿಸಿದ. ಅಷ್ಟಕ್ಕೇ ಸಮಯವಿದ್ದದ್ದು.

ವಿಡಿಯೊದವರು ಗಾಯಾಳುವಿನ ಹತ್ತಿರಕ್ಕೆ ಕ್ಯಾಮೆರಾ ಒಯ್ಯುವಂತಿಲ್ಲ. ಹನ್ನೊಂದು ಹನ್ನೊಂದು ಇಪ್ಪತ್ತೆರಡು ಜನವೂ ಚಿತ್ರದಲ್ಲಿರಬೇಕು. ಆದ್ದರಿಂದ ನೆಲದಲ್ಲಿ ಬಿದ್ದವನು ಅವಳ ಪರದೆಯಲ್ಲಿ ಬೆರಳಿನ ಉಗುರಿನಷ್ಟೇ ಇದ್ದ, ಒಂದು ಕೈ ತಪ್ಪಾಗಿ ಮಡಿಚಿಕೊಂಡು. ಗಾಡಿ ಬಂದು ಅವನನ್ನು ಒಯ್ಯುವವರೆಗೂ ಅವಳು ಹಾಗೇ ಹಿಡಿದುಕೊಂಡಿದ್ದಳು. ಮೂರನೆಯವನೊಬ್ಬ ಬಂದು ಹೇಗೋ ಆಟ ಮುಗಿಸಿದ. ಡ್ರೋವರ್ಸ್ ಸೋತಿತು.

ಸೋಮವಾರ ಟ್ರೆವಿನೋ ಕೈಯನ್ನು ಜೋಳಿಗೆಗೆ ಕಟ್ಟಿಕೊಂಡು ಅವಳ ಕೋಣೆಗೆ ಬಂದ. ಭುಜದ ಮುಂದಿನ ಕಾಲರ್‌ಬೋನ್ ಎರಡು ಕಡೆ ಮುರಿದಿತ್ತು. ಬಲಗಡೆಯದು, ಎಸೆಯುವ ಕೈಯದು. ತಾನು ಬಿದ್ದ ಆ ತುಣುಕನ್ನು ತೋರಿಸಲು ಕೇಳಿದ. ಇಬ್ಬರೂ ಮೂರು ಸಲ ನೋಡಿದರು.

"ನೀವು ಡಾಕ್ಟರಿಗೆ ಹೇಳೋವಾಗ ನನ್ನ ನೆನಪಾಯ್ತಾ?" ಅಂದ. ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಬೇಕಾಗಿತ್ತು.

"ಆಯ್ತು."

"ಆಮೇಲೆ?"

"ನಿಂಗಾದ್ರೆ ಅವನು ಬರೋದು ಕಾಣುತ್ತೆ ಅಂದ್ಕೊಂಡೆ."

"ಕಾಣಿಸ್ತು," ಅಂದ ಹುಡುಗ. "ಕಾಣಿಸಿದ್ರೆ ಸಾಕಾಗಲ್ಲ, ಮ್ಯಾಮ್."

ಅವಳನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಯಾರೂ ಒಂದು ಮಾತೂ ಆಡಲಿಲ್ಲ. ಅವಳು ಊಟದ ಮನೆಗೆ ಹೋದರೆ ಅಲ್ಲಿನ ಮಾತು ನಿಲ್ಲುತ್ತಿತ್ತು, ತಟ್ಟೆ ಹಿಡಿದು ಹೊರಗೆ ಬಂದರೆ ಮತ್ತೆ ಶುರುವಾಗುತ್ತಿತ್ತು. ಉಳಿದ ಎಂಟು ವಾರ ಹೀಗೇ ಕಳೆಯಿತು. ಅನಿರುದ್ಧ್ "ನಾನು ಹೇಳಿರಲಿಲ್ವಾ" ಎನ್ನಲಿಲ್ಲ. ಬೆಳಿಗ್ಗೆ ಅವಳಿಗಿಂತ ಮುಂಚೆ ಎದ್ದು ಡಿಕಾಕ್ಷನ್ ಇಳಿಸಿಡುತ್ತಿದ್ದ. ಟ್ರೆವಿನೋನ ಮೂಳೆ ಕೂಡಿತು, ಆದರೆ ಚೆಂಡಿನ ಸಿಳ್ಳೆ ಮರಳಿ ಬಂದೀತೇ ಎಂದು ಯಾರಿಗೂ ಹೇಳಲಾಗಲಿಲ್ಲ.

ಜೂನ್ ಕೊನೆಗೆ ಅವಳು ಐದು ಗಂಟೆ ಡ್ರೈವ್ ಮಾಡಿಕೊಂಡು ಫುಲ್‌ಶೀರ್‌ಗೆ ಹೋದಳು. ರಾಯ್ಸ್‌ನ ಮನೆ ಅಲ್ಲಿತ್ತು. ಇನ್ನೂ ಹುಲ್ಲು ಹಿಡಿಯದ ಹೊಸ ಬಡಾವಣೆ, ಮನೆಯ ಮುಂದಿನ ಗಿಡಗಳಿಗೆ ಕೋಲು ಕಟ್ಟಿದ್ದರು. ಹ್ಯೂಸ್ಟನ್‌ನಲ್ಲಿ ಎರಡು ಸಲ ಆಪರೇಷನ್ ಆಗಿತ್ತು. ಅಕ್ಷಿಪಟಲ ಅರ್ಧಕ್ಕಿಂತ ಹೆಚ್ಚು ಕಳಚಿಕೊಂಡಿತ್ತಂತೆ. ಇನ್ನೊಂದು ಏಟು ಬಿದ್ದಿದ್ದರೆ ಆ ಕಣ್ಣು ಪೂರ್ತಿ ಆರಿಹೋಗುತ್ತಿತ್ತು ಎಂದು ಬಾಗಿಲಲ್ಲೇ ಅವನ ಹೆಂಡತಿ ಪಿಸುಗುಟ್ಟಿ, ನಾಗಮಣಿಯ ಕೈ ಒತ್ತಿದಳು.

ರಾಯ್ಸ್ ಕೈ ಕೊಡಲಿಲ್ಲ. ಕೂರಿ ಎಂದ. ಇಳಿದುಹೋಗಿದ್ದ. ಟಿ.ವಿ. ಆರಿತ್ತು.

"ನೀವು ಮಾಡಿದ್ದು ಸರಿ ಅಂತ ಎಲ್ಲರೂ ಹೇಳ್ತಾರೆ," ಅಂದ. "ಇರಬಹುದು. ಆದ್ರೆ ಆ ಬೆಳಿಗ್ಗೆ ನಾನು ನಿಮ್ಮನ್ನ ನಂಬಿ ಹೇಳಿದ್ದೆ, ಮಣಿ."

"ಹೌದು," ಅಂದಳು.

"ನನ್ನ ಜಾಗಕ್ಕೆ ಇಳಿದು ಆ ಹುಡುಗ ಮುರಿದ. ನಂಗೆ ಬೀಳಬೇಕಾದ ಏಟು ಅವನಿಗೆ ಬಿತ್ತು." ಅವನು ಬಲಗಣ್ಣಿನಿಂದ ಅವಳನ್ನು ನೇರ ನೋಡಿದ. ದನಿ ಸ್ವಲ್ಪ ಮೆದುವಾಯಿತು. "ಒಂದೇ ಒಂದು ಸಮಾಧಾನ ನಂಗೆ. ಅಂಥಾ ತೋಳಿನ ಹುಡುಗ ಪಕ್ಕದಲ್ಲಿದ್ದಾಗ್ಲೂ ಮ್ಯಾಬ್ರಿ ನನ್ನನ್ನೇ ಆರಿಸಿದ. ಇಬ್ಬರನ್ನೂ ನೋಡಿ, ತೂಗಿ, ನಾನೇ ಮೇಲು ಅಂದ. ಅಲ್ವಾ?"

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ನಾಗಮಣಿಗೆ ಮ್ಯಾಬ್ರಿಯ ಆ ಸಾವಧಾನದ ದನಿ ಕಿವಿಯ ಪಕ್ಕದಲ್ಲೇ ಕೇಳಿಸಿತು: ಇಬ್ಬರಲ್ಲಿ ಒಬ್ಬರನ್ನ ಕೊಡ್ಲೇಬೇಕು. ಅವಳು ಮಡಿಲಲ್ಲಿದ್ದ ಕಾರಿನ ಕೀಲಿಯನ್ನು ಒಂದು ಸಲ ಬಿಗಿಯಾಗಿ ಹಿಡಿದು ಬಿಟ್ಟಳು.

"ಹೌದು ರಾಯ್ಸ್," ಅಂದಳು. "ಅವರು ಆರಿಸಿದ್ದು ನಿಮ್ಮನ್ನೇ."